ಇಪ್ಪತ್ತು ವರ್ಷ ಕಾದ ಹಾಡು: ರೇಡಿಯೋಹೆಡ್ ತಂಡದ ಧ್ವನಿಮುದ್ರಿಕೆಗಳ ಕುರಿತು

ಇವತ್ತಿನ ಮಾತನ್ನು ನಾನು ಕೊನೆಯಿಂದ ಆರಂಭಿಸುತ್ತೇನೆ. ಇಂಗ್ಲೆಂಡಿನ ರೇಡಿಯೋಹೆಡ್ ತಂಡವು ತನ್ನ ಒಂಬತ್ತನೆಯ ಸ್ಟುಡಿಯೋ ಆಲ್ಬಮನ್ನು 2016ರ ಮೇ 8ರಂದು ಹೊರತಂದಿತು. ಅದರ ಹೆಸರು 'ಎ ಮೂನ್ ಶೇಪ್ಡ್ ಪೂಲ್'. ಅದರಲ್ಲಿ ಹನ್ನೊಂದು ಹಾಡುಗಳಿವೆ, ಹನ್ನೊಂದನೆಯದು 'ಟ್ರೂ ಲವ್ ವೇಟ್ಸ್'. ನಿಜವಾದ ಪ್ರೀತಿ ಕಾಯುತ್ತದೆ ಎಂಬುದು ಆ ಶೀರ್ಷಿಕೆಯ ಅರ್ಥ. ಈ ಹಾಡನ್ನು ತಂಡದ ಗಾಯಕ ಥಾಮ್ ಯಾರ್ಕ್ ಸಭೆಯ ಮುಂದೆ ಮೊದಲು ಹಾಡಿದ್ದು 1995ರ ಡಿಸೆಂಬರ್‌ನಲ್ಲಿ, ಬ್ರಸೆಲ್ಸ್ ನಗರದಲ್ಲಿ. ಆಗ ಅವರಿಗೆ 27 ವರ್ಷ. ಹಾಡು ಆಲ್ಬಮಿನೊಳಗೆ ಬಂದು ಸೇರಿದಾಗ 47. ನಡುವೆ ಆರು ಆಲ್ಬಮುಗಳು ಬಂದುಹೋದವು, ಆ ಆರರಲ್ಲಿ ಯಾವುದರಲ್ಲಿಯೂ ಇದಕ್ಕೆ ಜಾಗ ಸಿಗಲಿಲ್ಲ. ಹಾಡು ಚೆನ್ನಾಗಿಲ್ಲವೆಂದು ಬಿಟ್ಟದ್ದಲ್ಲ. ಅಭಿಮಾನಿಗಳು ಅದನ್ನು ವರ್ಷಗಟ್ಟಲೆ ಕೇಳುತ್ತಲೇ ಇದ್ದರು, ತಂಡವೂ ಅದನ್ನು ಸ್ಟುಡಿಯೋದಲ್ಲಿ ಮತ್ತೆ ಮತ್ತೆ ಎತ್ತಿಕೊಂಡು ಮತ್ತೆ ಮತ್ತೆ ಕೆಳಗಿಟ್ಟಿತು. ತಂಡದ ನಿರ್ಮಾಪಕ ನೈಜೆಲ್ ಗಾಡ್ರಿಚ್ ಇದಕ್ಕೆ ಕೊಟ್ಟ ವಿವರಣೆಯನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅವರ ಮಾತಿನ ಸಾರ ಇಷ್ಟು: ಒಂದು ಹಾಡು ಧ್ವನಿಮುದ್ರಣವಾಗಿ ಇರುವುದಕ್ಕೆ ಒಂದು ಕಾರಣ ಬೇಕು ಎಂದು ಯಾರ್ಕ್‌ಗೆ ಅನಿಸಬೇಕು, ಅದು ಅನಿಸುವ ತನಕ ಅವರು ಒಪ್ಪುವವರಲ್ಲ.

ತಂಡವೊಂದರ ಧ್ವನಿಮುದ್ರಿಕೆಗಳ ಪಟ್ಟಿ ಎಂದರೆ ಸಾಮಾನ್ಯವಾಗಿ ಹೊರಬಂದದ್ದರ ಪಟ್ಟಿ. ಯಾವ ವರ್ಷ ಬಂತು, ಯಾವ ಕಂಪನಿ ತಂದಿತು, ಮಾರಾಟದಲ್ಲಿ ಎಷ್ಟನೆಯ ಸ್ಥಾನ ಪಡೆಯಿತು ಎಂಬುದನ್ನು ಅದು ಹೇಳುತ್ತದೆ. ರೇಡಿಯೋಹೆಡ್‌ನ ಮಟ್ಟಿಗೆ ಆ ಪಟ್ಟಿ ಅರ್ಧ ಕಥೆ ಮಾತ್ರ. ಇನ್ನರ್ಧ ಇರುವುದು ಅವರು ತಡೆಹಿಡಿದ ಹಾಡುಗಳಲ್ಲಿ, ಮತ್ತು ಆ ಹಾಡುಗಳು ಎಲ್ಲಿ, ಯಾವ ರೂಪದಲ್ಲಿ ಮರಳಿ ಬಂದವು ಎಂಬುದರಲ್ಲಿ. ನಾನು ಈ ಎರಡನೆಯ ಅರ್ಧದ ಮೂಲಕ ಮೊದಲನೆಯದನ್ನು ನೋಡಲು ಪ್ರಯತ್ನಿಸುತ್ತೇನೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಕುಳಿತಿರುವವರಲ್ಲಿ ಹಲವರು ಕರ್ನಾಟಕ ಸಂಗೀತವನ್ನು ಕೇಳಿಕೊಂಡು ಬೆಳೆದವರು. ನಮ್ಮ ಸಂಗೀತದಲ್ಲಿ ಒಂದು ಕೃತಿಗೆ ಇದೇ ಮೂಲ ಧ್ವನಿಮುದ್ರಣ ಎಂಬುದು ಇಲ್ಲ. ಒಬ್ಬರೇ ವಿದ್ವಾಂಸರು ಅದೇ ಕೃತಿಯನ್ನು ಮೂವತ್ತು ವರ್ಷ ಹಾಡಬಹುದು, ಪ್ರತಿ ಕಛೇರಿಯಲ್ಲೂ ಅದು ಬೇರೆಯೇ ಆಗಿರಬಹುದು. ಯಾವುದೋ ಒಂದು ಸಂಜೆಯ ಧ್ವನಿಮುದ್ರಣ ಆ ಕೃತಿಯ ಜಾಗವನ್ನು ಕಬಳಿಸಿಬಿಡುವುದಿಲ್ಲ. ರಾಕ್ ಸಂಗೀತದಲ್ಲಿ ಹಾಗಲ್ಲ. ಅಲ್ಲಿ ಆಲ್ಬಮಿನಲ್ಲಿ ಬಂದ ರೂಪವೇ ಹಾಡು. ಒಮ್ಮೆ ಅಚ್ಚಾದ ಮೇಲೆ ಆ ಗಿಟಾರ್‌ನ ಸದ್ದು, ಆ ಡ್ರಮ್ಸ್‌ನ ವೇಗ, ಆ ಉಸಿರು ಎಲ್ಲವೂ ಹಾಡಿನ ಅಂಗಗಳಾಗಿ ಗಟ್ಟಿಯಾಗುತ್ತವೆ. ಆದ್ದರಿಂದ ಆ ಪರಂಪರೆಯಲ್ಲಿ ಒಂದು ಹಾಡನ್ನು ಮುದ್ರಿಸಿ ಹೊರಗೆ ಬಿಡುವುದು ಹಿಂತೆಗೆದುಕೊಳ್ಳಲಾಗದ ತೀರ್ಮಾನ. ಇದನ್ನು ಅರ್ಥಮಾಡಿಕೊಂಡರೆ ರೇಡಿಯೋಹೆಡ್‌ನ ಐವರು ಏಕೆ ಅಷ್ಟು ಹಿಂಜರಿದರು ಎಂಬುದು ತಿಳಿಯುತ್ತದೆ.

ಐವರೂ ಆಕ್ಸ್‌ಫರ್ಡ್‌ಷೈರ್‌ನ ಅಬಿಂಗ್ಡನ್ ಎಂಬ ಊರಿನ ಒಂದೇ ಶಾಲೆಯಲ್ಲಿ ಓದಿದವರು: ಥಾಮ್ ಯಾರ್ಕ್, ಎಡ್ ಓಬ್ರಯನ್, ಫಿಲಿಪ್ ಸೆಲ್ವೇ, ಕಾಲಿನ್ ಗ್ರೀನ್‌ವುಡ್ ಮತ್ತು ಕಾಲಿನ್‌ರ ತಮ್ಮ ಜಾನಿ ಗ್ರೀನ್‌ವುಡ್. ಶುಕ್ರವಾರಗಳಂದು ಅಭ್ಯಾಸ ಮಾಡುತ್ತಿದ್ದುದರಿಂದ 1985ರಲ್ಲಿ ಅವರು ಇಟ್ಟುಕೊಂಡ ಹೆಸರು 'ಆನ್ ಎ ಫ್ರೈಡೇ'. 1991ರ ಕೊನೆಯಲ್ಲಿ ಇಎಂಐ ಕಂಪನಿಯೊಂದಿಗೆ ಒಪ್ಪಂದವಾದ ಬಳಿಕ, ಟಾಕಿಂಗ್ ಹೆಡ್ಸ್ ತಂಡದ ಒಂದು ಹಾಡಿನ ಹೆಸರನ್ನು ತಮ್ಮದಾಗಿಸಿಕೊಂಡು ರೇಡಿಯೋಹೆಡ್ ಆದರು. ಆ ಐವರೇ ಇಂದಿಗೂ ತಂಡದಲ್ಲಿದ್ದಾರೆ, ಒಬ್ಬರೂ ಬದಲಾಗಿಲ್ಲ. ಇದು ಸಣ್ಣ ಸಂಗತಿಯಲ್ಲ. ಒಂದು ಹಾಡು ಇಪ್ಪತ್ತು ವರ್ಷ ಕಾಯಬೇಕಾದರೆ ಅದನ್ನು ನೆನಪಿಟ್ಟುಕೊಂಡವರೂ ಅಷ್ಟು ಕಾಲ ಒಟ್ಟಿಗೆ ಇರಬೇಕು.

ಮೊದಲ ಆಲ್ಬಮ್ 'ಪ್ಯಾಬ್ಲೊ ಹನಿ' 1993ರ ಫೆಬ್ರವರಿಯಲ್ಲಿ ಬಂತು. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ತಂಡ ಇನ್ನೂ ತನ್ನ ಧ್ವನಿಯನ್ನು ಕಂಡುಕೊಂಡಿಲ್ಲ. ಆದರೆ ಅದರೊಳಗಿನ 'ಕ್ರೀಪ್' ಎಂಬ ಒಂದು ಹಾಡನ್ನು ಬಿಟ್ಟು ಹೋಗುವಂತಿಲ್ಲ. ಇದು ಕಾಯದೆ ಬಂದ ಹಾಡು. ನಿರ್ಮಾಪಕರಾದ ಶಾನ್ ಸ್ಲೇಡ್ ಮತ್ತು ಪಾಲ್ ಕೋಲ್ಡರಿ ಬೇರೆ ಹಾಡುಗಳನ್ನು ಮುದ್ರಿಸಲೆಂದು ಬಂದಿದ್ದರು. ಅಭ್ಯಾಸದ ನಡುವೆ ತಂಡ ಇದನ್ನು ನುಡಿಸಿದಾಗ ಇದು ಬೇರೆ ಯಾರದೋ ಹಾಡು ಎಂದೇ ಅವರು ತಿಳಿದಿದ್ದರು. ಮುಂದೊಂದು ದಿನ ಕೆಲಸ ಸಾಗದೆ ಎಲ್ಲರೂ ಬೇಸತ್ತಿದ್ದಾಗ ಅದನ್ನೊಮ್ಮೆ ನುಡಿಸಿ ಎಂದರು, ಒಂದೇ ಸಲಕ್ಕೆ ಮುದ್ರಣ ಮುಗಿಯಿತು. ಪಲ್ಲವಿಗೆ ಮುಂಚೆ ಜಾನಿ ಗ್ರೀನ್‌ವುಡ್ ತಂತಿಗಳನ್ನು ಸ್ವರ ಹೊರಡದಂತೆ ಅದುಮಿ ಎರಡು ಬಾರಿ ರಭಸದಿಂದ ಹೊಡೆಯುವ ಆ ಕರ್ಕಶ ಸದ್ದನ್ನು ನಿಮ್ಮಲ್ಲಿ ಕೇಳದವರು ಕಡಿಮೆ. 1992ರ ಸೆಪ್ಟೆಂಬರ್‌ನಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಹೊರಬಂದಾಗ ಅದನ್ನು ಯಾರೂ ಗಮನಿಸಲಿಲ್ಲ. ತೀರಾ ಖಿನ್ನತೆಯ ಹಾಡೆಂದು ಬಿಬಿಸಿ ರೇಡಿಯೋ 1 ಅದನ್ನು ಬದಿಗಿಟ್ಟಿತು. ಆಮೇಲೆ ಅದು ಇಸ್ರೇಲ್‌ನಲ್ಲಿ ಜನಪ್ರಿಯವಾಯಿತು, ಅಲ್ಲಿಂದ ಅಮೆರಿಕ, ಕೊನೆಗೆ 1993ರಲ್ಲಿ ಮರುಬಿಡುಗಡೆಯಾಗಿ ಸ್ವಂತ ನಾಡಿನಲ್ಲಿ 7ನೆಯ ಸ್ಥಾನ. ಒಂದೇ ಸಲಕ್ಕೆ ಮುದ್ರಿತವಾದ ಆ ರೂಪಕ್ಕೆ ತಂಡ ವರ್ಷಾನುಗಟ್ಟಲೆ ಕಟ್ಟುಬಿದ್ದಿತು. ಪ್ರತಿ ಊರಿನಲ್ಲೂ ಜನ ಅದನ್ನೇ ಕೇಳಿದರು, ಅದು ಮುಗಿದ ಮೇಲೆ ಎದ್ದು ಹೋದರು. ಮುಂದಿನ ಹಿಂಜರಿಕೆಯ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

1995ರ ಮಾರ್ಚ್‌ನಲ್ಲಿ 'ದಿ ಬೆಂಡ್ಸ್' ಬಂತು. ನಿರ್ಮಾಪಕರು ಜಾನ್ ಲೆಕಿ. ಧ್ವನಿಮುದ್ರಣದ ತಂತ್ರಜ್ಞರಾಗಿದ್ದವರು ಆಗ ಇಪ್ಪತ್ತರ ಹರೆಯದ ನೈಜೆಲ್ ಗಾಡ್ರಿಚ್. ಇದರಲ್ಲಿ 'ಮೈ ಐರನ್ ಲಂಗ್' ಎಂಬ ಹಾಡಿದೆ. 'ಕ್ರೀಪ್' ತಂದುಕೊಟ್ಟ ಬಂಧನವೇ ಅದರ ವಸ್ತು. ಉಸಿರು ಉಳಿಸುವ ಯಂತ್ರವೇ ರೋಗಿಯನ್ನು ಒಳಗೆ ಕೂಡಿಹಾಕುತ್ತದೆ ಎಂಬ ಚಿತ್ರ ಅದರದು. ಸ್ಟುಡಿಯೋದಲ್ಲಿ ಎಷ್ಟು ನುಡಿಸಿದರೂ ಅದು ಹದಕ್ಕೆ ಬರಲಿಲ್ಲ. ಕೊನೆಗೆ 1994ರ ಮೇ ತಿಂಗಳಲ್ಲಿ ಲಂಡನ್ನಿನ ಅಸ್ಟೋರಿಯಾ ಸಭಾಂಗಣದಲ್ಲಿ ನುಡಿಸಿದ್ದರ ಧ್ವನಿಮುದ್ರಣವನ್ನೇ ತೆಗೆದುಕೊಂಡು, ಗಾಯನವನ್ನು ಮಾತ್ರ ಹೊಸದಾಗಿ ಹಾಡಿ, ಆಲ್ಬಮಿನೊಳಗೆ ಇಟ್ಟರು. ಕಾಯುವುದೆಂದರೆ ಯಾವಾಗಲೂ ಸ್ಟುಡಿಯೋದಲ್ಲಿ ಹೆಚ್ಚು ದಿನ ಕೂರುವುದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಸಾಕ್ಷಿ 1995ರ ಸೆಪ್ಟೆಂಬರ್‌ನದು. ಬೋಸ್ನಿಯಾ ಯುದ್ಧದಲ್ಲಿ ನಲುಗಿದ ಮಕ್ಕಳಿಗಾಗಿ ವಾರ್ ಚೈಲ್ಡ್ ಸಂಸ್ಥೆ 'ಹೆಲ್ಪ್' ಎಂಬ ಸಂಕಲನವನ್ನು ಯೋಜಿಸಿತು. ಹಲವು ತಂಡಗಳು ಸೆಪ್ಟೆಂಬರ್ 4ರಂದು, ಒಂದೇ ದಿನ, ತಮ್ಮ ತಮ್ಮ ಹಾಡುಗಳನ್ನು ಮುದ್ರಿಸಿದವು. 9ರಂದು ಆಲ್ಬಮ್ ಅಂಗಡಿಯಲ್ಲಿತ್ತು. ರೇಡಿಯೋಹೆಡ್ ಆ ದಿನ ಗಾಡ್ರಿಚ್ ಜೊತೆ ಮುದ್ರಿಸಿದ 'ಲಕ್ಕಿ'ಗೆ ಹಿಡಿದದ್ದು ಐದು ತಾಸಿನ ಆಸುಪಾಸು. ಎರಡು ವರ್ಷಗಳ ನಂತರ ಮುಂದಿನ ಆಲ್ಬಮನ್ನು ಕಟ್ಟುವಾಗ ಅದನ್ನು ಮರುಮುದ್ರಿಸುವ ಅಗತ್ಯವೇ ಕಾಣದೆ ಹಾಗೆಯೇ ಸೇರಿಸಿಕೊಂಡರು.

ಆ ಮುಂದಿನ ಆಲ್ಬಮೇ 1997ರ 'ಓಕೆ ಕಂಪ್ಯೂಟರ್'. ನಾನು ಇದನ್ನು ಮೊದಲು ಕೇಳಿದ್ದು ಕ್ಯಾಸೆಟ್‌ನಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಯೊಂದರಲ್ಲಿ, ರಾತ್ರಿ ಹೊತ್ತು, ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಸದ್ದು ತಗ್ಗಿಸಿಕೊಂಡು. ಸದ್ದು ತಗ್ಗಿಸಿದ್ದರಿಂದಲೇ ಇರಬೇಕು, ಹಾಡುಗಳಿಗಿಂತ ಮೊದಲು ನನ್ನ ಗಮನಕ್ಕೆ ಬಂದದ್ದು ಅವುಗಳ ಸುತ್ತಲಿನ ಗಾಳಿ. ಇದು ಯಾವುದೋ ದೊಡ್ಡ ಮನೆಯೊಳಗೆ ಹಾಡಿದಂತಿದೆಯಲ್ಲ ಎನಿಸಿತು. ನಿಜಕ್ಕೂ ಹಾಗೆಯೇ ಆಗಿತ್ತೆಂದು ತಿಳಿದದ್ದು ಬಹಳ ಕಾಲದ ನಂತರ. ಆಲ್ಬಮಿನ ಬಹುಭಾಗವನ್ನು ಅವರು ಬಾತ್ ನಗರದ ಬಳಿಯ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಎಂಬ ಶತಮಾನಗಳಷ್ಟು ಹಳೆಯ ಮಹಲಿನಲ್ಲಿ ಮುದ್ರಿಸಿದರು. 'ಎಕ್ಸಿಟ್ ಮ್ಯೂಸಿಕ್' ಹಾಡಿನಲ್ಲಿ ಯಾರ್ಕ್‌ರ ಕಂಠದ ಹಿಂದೆ ಕೇಳಿಸುವ ಪ್ರತಿಧ್ವನಿ ಯಂತ್ರದ್ದಲ್ಲ, ಆ ಮನೆಯ ಕಲ್ಲಿನ ಮೆಟ್ಟಿಲಿನದು. 'ಲೆಟ್ ಡೌನ್' ಹಾಡನ್ನು ನುಡಿಸಿದ್ದು ಅಲ್ಲಿನ ನರ್ತನಶಾಲೆಯಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ.

ಕಟ್ಟಡಗಳ ಮಾತು ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. 2015ರಲ್ಲಿ ಜಾನಿ ಗ್ರೀನ್‌ವುಡ್ ಮತ್ತು ಗಾಡ್ರಿಚ್ ನಮ್ಮ ದೇಶಕ್ಕೆ ಬಂದು, ಜೋಧಪುರದ ಮೆಹ್ರಾನ್‌ಗಢ ಕೋಟೆಯೊಳಗೆ ಧ್ವನಿಮುದ್ರಣದ ಸಲಕರಣೆಗಳನ್ನು ಹೂಡಿ, ಇಸ್ರೇಲಿನ ಸಂಗೀತಗಾರ ಶೈ ಬೆನ್ ತ್ಸೂರ್ ಹಾಗೂ ರಾಜಸ್ಥಾನದ ಕಲಾವಿದರೊಂದಿಗೆ 'ಜುನೂನ್' ಎಂಬ ಆಲ್ಬಮನ್ನು ಮುದ್ರಿಸಿದರು. ಆ ದಿನಗಳ ಬಗ್ಗೆ ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶಿಸಿದ ಸಾಕ್ಷ್ಯಚಿತ್ರವೂ ಇದೆ, ನುಡಿಸುವವರ ತಲೆಯ ಮೇಲೆ ಪಾರಿವಾಳಗಳು ಹಾರಾಡುವುದನ್ನು ಅದರಲ್ಲಿ ನೋಡಬಹುದು. ಗೋಡೆಗಳು ಹಾಡಿಗೆ ಏನನ್ನೋ ಕೊಡುತ್ತವೆ ಎಂಬ ನಂಬಿಕೆ ಬಾತ್‌ನ ಮಹಲಿನಿಂದ ಜೋಧಪುರದ ಕೋಟೆಯವರೆಗೂ ಮುಂದುವರಿದಿದೆ.

'ಓಕೆ ಕಂಪ್ಯೂಟರ್'ನಲ್ಲಿ ಇಲ್ಲದ ಹಾಡುಗಳ ಕಡೆಗೆ ಬರೋಣ. 1996ರಲ್ಲಿ ಗಾಯಕಿ ಅಲಾನಿಸ್ ಮೋರಿಸೆಟ್‌ರ ಕಾರ್ಯಕ್ರಮಗಳಿಗೆ ಮುಂಚೆ ನುಡಿಸುತ್ತಾ ಅಮೆರಿಕದಲ್ಲಿ ಸುತ್ತಾಡಿದಾಗ ಅವರು 'ಲಿಫ್ಟ್' ಎಂಬ ಹಾಡನ್ನು ಹಾಡುತ್ತಿದ್ದರು. ತಂಡದ ಹೆಸರನ್ನೇ ಸರಿಯಾಗಿ ಕೇಳಿರದ ಜನ ಆ ಹಾಡಿಗೆ ತಲೆದೂಗಿದರು. ಇದು ದೊಡ್ಡ ಜನಪ್ರಿಯ ಗೀತೆಯಾಗುತ್ತದೆಂದು ಎಲ್ಲರೂ ಹೇಳಿದರು. ತಂಡ ಅದನ್ನು ಆಲ್ಬಮಿಗೆ ಸೇರಿಸಲಿಲ್ಲ. ಇಪ್ಪತ್ತು ವರ್ಷಗಳ ನಂತರ ಎಡ್ ಓಬ್ರಯನ್ ಈ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿದರು: ಆ ಹಾಡು ಇದ್ದಿದ್ದರೆ ಆಲ್ಬಮ್ ಇನ್ನೂ ಬಹಳ ಮಾರಾಟವಾಗುತ್ತಿತ್ತು, ತಾವು ಬೇರೆಯೇ ದಾರಿಯಲ್ಲಿ ಹೋಗುತ್ತಿದ್ದೆವು, ತಮಗೇ ಅರಿವಿಲ್ಲದಂತೆ ಅದನ್ನು ತಾವೇ ಕೊಂದೆವು ಎಂಬುದು ಅವರ ಮಾತಿನ ತಾತ್ಪರ್ಯ. 'ಕ್ರೀಪ್' ಕಲಿಸಿದ ಪಾಠವನ್ನು ಇಲ್ಲಿ ಕೇಳಬಹುದು. 2017ರಲ್ಲಿ ಆಲ್ಬಮಿನ ಇಪ್ಪತ್ತನೆಯ ವರ್ಷದ ಆವೃತ್ತಿ 'ಓಕೆನಾಟ್‌ಓಕೆ' ಬಂದಾಗ 'ಲಿಫ್ಟ್' ಜೊತೆಗೆ 'ಐ ಪ್ರಾಮಿಸ್', 'ಮ್ಯಾನ್ ಆಫ್ ವಾರ್' ಎಂಬ ಇನ್ನೆರಡು ಹಾಡುಗಳೂ ಹೊರಬಂದವು. ಅಂದು ಬಿಟ್ಟದ್ದು ಸರಿಯೇ ಎಂದು ನೀವು ಕೇಳಬಹುದು. ನನ್ನ ಉತ್ತರ ಸರಿ ಎಂಬುದೇ. 'ಲಿಫ್ಟ್' ಹೃದಯ ತುಂಬುವ ಹಾಡು. ಆದರೆ ಅದು ಕೇಳುಗನನ್ನು ಮೇಲಕ್ಕೆತ್ತುವ ಹಾಡು, ಆ ಆಲ್ಬಮಿನ ಹನ್ನೆರಡು ಹಾಡುಗಳ ನಡುವೆ ಹಾಗೆ ಮೇಲೇಳುವುದಕ್ಕೆ ಅವಕಾಶವಿಲ್ಲ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ. 1999ರಿಂದ 2001ರವರೆಗಿನ ಎರಡು ಆಲ್ಬಮುಗಳು, 'ಕಿಡ್ ಎ' ಮತ್ತು 'ಆಮ್ನೀಸಿಯಾಕ್'. ಗಿಟಾರ್ ತಂಡವೆಂದು ಜಗತ್ತು ಗುರುತಿಸಿದ ಮೇಲೆ ಯಾರ್ಕ್‌ಗೆ ಗಿಟಾರ್ ಹಿಡಿದು ಹಾಡು ಕಟ್ಟುವುದೇ ಅಸಾಧ್ಯವಾಯಿತು. ಪ್ಯಾರಿಸ್‌ನಲ್ಲಿ, ಕೋಪನ್‌ಹೇಗನ್‌ನಲ್ಲಿ, ಗ್ಲಾಸ್ಟರ್‌ಷೈರ್‌ನ ಒಂದು ಮಹಲಿನಲ್ಲಿ, ಕೊನೆಗೆ ಆಕ್ಸ್‌ಫರ್ಡ್‌ನ ತಮ್ಮದೇ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೆಲಸ ನಡೆಯಿತು. ಒಂದು ಹಾಡಿನಲ್ಲಿ ತನಗೆ ಮಾಡಲು ಏನೂ ಇಲ್ಲವೆಂದು ಗೊತ್ತಾದಾಗ ಸುಮ್ಮನೆ ಕೂರುವುದನ್ನು ಉಳಿದವರು ಕಲಿಯಬೇಕಾಯಿತು. ಇದು ಎಷ್ಟು ಕಷ್ಟದ ಕಲಿಕೆ ಎಂಬುದನ್ನು ಪಕ್ಕವಾದ್ಯ ನುಡಿಸಿದವರು ಬಲ್ಲರು.

'ಇಡಿಯೊಟೆಕ್' ಎಂಬ ಹಾಡು ಹುಟ್ಟಿದ ಬಗೆಯನ್ನು ನೋಡಿ. ಜಾನಿ ಗ್ರೀನ್‌ವುಡ್ ಹಲವು ಉಪಕರಣಗಳಿಂದ ಸದ್ದುಗಳನ್ನು ಹೊರಡಿಸುತ್ತಾ ಸುಮಾರು ಐವತ್ತು ನಿಮಿಷದ ಟೇಪನ್ನು ತುಂಬಿಸಿ ಯಾರ್ಕ್‌ಗೆ ಕೊಟ್ಟರು. ಅಷ್ಟರಲ್ಲಿ ಒಂದು ನಿಮಿಷಕ್ಕೂ ಕಡಿಮೆಯ ಒಂದು ಭಾಗ ಯಾರ್ಕ್‌ರ ಕಿವಿಗೆ ಬಿತ್ತು. ಆ ಭಾಗದಲ್ಲಿದ್ದದ್ದು ಅಮೆರಿಕದ ಸಂಯೋಜಕ ಪಾಲ್ ಲಾನ್ಸ್‌ಕಿ 1973ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಬಳಸಿ ರಚಿಸಿದ ಕೃತಿಯೊಂದರ ತುಣುಕು, ನಾಲ್ಕು ಸ್ವರಮೇಳಗಳು ಮಾತ್ರ. ಲಾನ್ಸ್‌ಕಿಯವರ ಅನುಮತಿ ಪಡೆದು ಅದರ ಮೇಲೆ ಇಡೀ ಹಾಡನ್ನು ಕಟ್ಟಿದರು. ಹಾಗೆ ನೋಡಿದರೆ ಆ ನಾಲ್ಕು ಸ್ವರಮೇಳಗಳೂ ಕಾಲು ಶತಮಾನ ಕಾದಿದ್ದವು.

'ದಿ ನ್ಯಾಷನಲ್ ಆ್ಯಂಥಮ್' ಹಾಡಿನ ಬೇಸ್ ಗಿಟಾರ್‌ನ ನಡೆಯನ್ನು ಯಾರ್ಕ್ ರೂಪಿಸಿದ್ದು ತಮ್ಮ 16ನೆಯ ವಯಸ್ಸಿನಲ್ಲಿ. ಶಾಲಾ ಹುಡುಗನ ಆ ನಡೆ ಹದಿನೈದು ವರ್ಷ ಎಲ್ಲೂ ಹೊಂದಿಕೊಳ್ಳದೆ ಉಳಿದಿತ್ತು. ಈಗ ಅದರ ಮೇಲೆ ತುತ್ತೂರಿಗಳ ಒಂದು ತಂಡವನ್ನು ಕೂರಿಸಿ, ವಾಹನಗಳ ದಟ್ಟಣೆಯಲ್ಲಿ ಸಿಕ್ಕಿಕೊಂಡವರಂತೆ ನುಡಿಸಿ ಎಂದು ಹೇಳಿ, ಯಾರ್ಕ್ ಮತ್ತು ಜಾನಿ ಎದುರು ನಿಂತು ಕುಣಿಯುತ್ತಾ ನಿರ್ದೇಶಿಸಿದರು. ಹಾಡಿನ ಕೊನೆಯಲ್ಲಿ ಆ ತುತ್ತೂರಿಗಳು ಒಂದನ್ನೊಂದು ತಳ್ಳಾಡುವಾಗಲೂ ಕೆಳಗೆ ಆ ಹಳೆಯ ನಡೆ ಒಂದಿಷ್ಟೂ ಅಲುಗದೆ ಸಾಗುತ್ತದೆ.

ಈ ಎರಡೂ ಆಲ್ಬಮುಗಳಲ್ಲಿ ನೀವು ಕೇಳುವ, ಹೆಣ್ಣುಕಂಠವೋ ತಂತಿವಾದ್ಯವೋ ಎಂದು ಹೇಳಲಾಗದ ಒಂದು ನಾದವಿದೆ. ಅದು ಓಂಡ್ ಮಾರ್ಟೆನೊ ಎಂಬ ವಾದ್ಯ, ಮೊರಿಸ್ ಮಾರ್ಟೆನೊ ಎಂಬ ಫ್ರೆಂಚ್ ವ್ಯಕ್ತಿ 1928ರಲ್ಲಿ ಜಗತ್ತಿಗೆ ತೋರಿಸಿದ ವಿದ್ಯುನ್ಮಾನ ವಾದ್ಯ. ಸಂಯೋಜಕ ಮೆಸ್ಸಿಯನ್‌ರ ಕೃತಿಯ ಮೂಲಕ ಜಾನಿ ಅದಕ್ಕೆ ಮನಸೋತವರು. ಬೆರಳಿಗೆ ಒಂದು ಉಂಗುರ ಹಾಕಿಕೊಂಡು ಅದನ್ನು ಒಂದು ಎಳೆಯ ಉದ್ದಕ್ಕೂ ಸರಿಸಿದರೆ ಸ್ವರ ಎಲ್ಲೂ ಕಡಿಯದೆ ಜಾರುತ್ತಾ ಹೋಗುತ್ತದೆ. ವೀಣೆಯ ತಂತಿಯನ್ನು ಎಳೆದು ಜಾರು ನುಡಿಸುವುದನ್ನು ಕೇಳಿದ ನಮ್ಮ ಕಿವಿಗೆ ಇದು ಅಪರಿಚಿತವಲ್ಲ, ಪಿಯಾನೊದ ಮನೆಗಳಿಗೆ ಒಗ್ಗಿದ ಕಿವಿಗೆ ಮಾತ್ರ ಇದು ಬೇರೆ ಲೋಕ. 'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ' ಹಾಡಿನಲ್ಲಿ ಈ ನಾದದ ಜೊತೆ ಬರುವ ತಂತಿವಾದ್ಯಗಳನ್ನು ಮುದ್ರಿಸಿದ್ದು ಆಕ್ಸ್‌ಫರ್ಡ್ ಬಳಿಯ ಡಾರ್ಚೆಸ್ಟರ್ ಅಬ್ಬೆ ಎಂಬ ಮಧ್ಯಯುಗದ ಚರ್ಚಿನಲ್ಲಿ. ಮತ್ತೆ ಗೋಡೆಗಳು.

ಕೆಲಸ ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಹಾಡುಗಳಿದ್ದವು. ಜೋಡಿ ಆಲ್ಬಮ್ ಮಾಡುವ ಮಾತು ಬಂದು ಬಿದ್ದುಹೋಯಿತು. 2000ದ ಅಕ್ಟೋಬರ್‌ನಲ್ಲಿ 'ಕಿಡ್ ಎ' ಬಂತು. ಸಿಂಗಲ್‌ಗಳಿಲ್ಲದೆ, ರೂಢಿಯ ಸಂಗೀತ ವಿಡಿಯೋಗಳಿಲ್ಲದೆ ಬಂದರೂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಉಳಿದ ಹಾಡುಗಳಲ್ಲಿ ಹೆಚ್ಚಿನವು 2001ರ ಜೂನ್‌ನಲ್ಲಿ 'ಆಮ್ನೀಸಿಯಾಕ್' ಆಗಿ ಬಂದವು. ಇದನ್ನು ಉಳಿಕೆಗಳ ಬುಟ್ಟಿ ಎಂದು ಕರೆದವರಿದ್ದಾರೆ, ಆ ಮಾತನ್ನು ನಾನು ಒಪ್ಪುವುದಿಲ್ಲ. 'ಮಾರ್ನಿಂಗ್ ಬೆಲ್' ಎಂಬ ಹಾಡು ಎರಡೂ ಆಲ್ಬಮುಗಳಲ್ಲಿ ಬೇರೆ ಬೇರೆ ರೂಪದಲ್ಲಿ ಇದೆ ಎಂಬುದನ್ನು ಗಮನಿಸಿ. ಇದೇ ಅಂತಿಮ ರೂಪ ಎಂದು ಆರಿಸುವುದನ್ನು ಇಲ್ಲಿ ಅವರು ನಿರಾಕರಿಸಿದ್ದಾರೆ. ನಮ್ಮ ಕಛೇರಿ ಪರಂಪರೆಗೆ ಸಹಜವಾದ ಈ ನಡೆ ರಾಕ್ ಆಲ್ಬಮಿನಲ್ಲಿ ಎಷ್ಟು ಅಪರೂಪ ಎಂಬುದನ್ನು ಆಗಲೇ ಹೇಳಿದ್ದೇನೆ.

ಅದಕ್ಕಿಂತಲೂ ವಿಸ್ಮಯದ ಕಥೆ 'ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್' ಹಾಡಿನದು. ಅವರು 'ಐ ವಿಲ್' ಎಂಬ ಬೇರೊಂದು ಹಾಡಿನ ವಿದ್ಯುನ್ಮಾನ ರೂಪವನ್ನು ಮುದ್ರಿಸಿ, ಅದು ಸರಿಬರಲಿಲ್ಲವೆಂದು ಬಿಟ್ಟಿದ್ದರು. ಆ ಟೇಪನ್ನು ಹಿಂದುಮುಂದಾಗಿ ಓಡಿಸಿದಾಗ ಹೊಸ ರಾಗವೊಂದು ಕೇಳಿಸಿತು. ಯಾರ್ಕ್ ಆ ತಿರುಗುಮುರುಗು ರಾಗವನ್ನು ಕಲಿತು, ಸಾಹಿತ್ಯವನ್ನು ಹಿಂದಿನಿಂದ ಮುಂದಕ್ಕೆ ಉಚ್ಚರಿಸಿ ಹಾಡಿ, ಆ ಹಾಡಿಕೆಯನ್ನು ಮತ್ತೆ ತಿರುಗಿಸಿದರು. ಆದ್ದರಿಂದ ನಮಗೆ ಕೇಳಿಸುವ ಶಬ್ದಗಳು ಸರಿಯಾದ ಕ್ರಮದಲ್ಲೇ ಇವೆ, ಆದರೆ ಪ್ರತಿ ಅಕ್ಷರವೂ ತನ್ನ ಕೊನೆಯಿಂದ ಹುಟ್ಟಿ ಮೊದಲಿಗೆ ಹೋಗಿ ಅಳಿಯುವಂತೆ ಕೇಳುತ್ತದೆ. ತಿರಸ್ಕೃತವಾದ ಆ 'ಐ ವಿಲ್' ಸಾಯಲಿಲ್ಲ. 2003ರ 'ಹೇಲ್ ಟು ದಿ ಥೀಫ್' ಆಲ್ಬಮಿನಲ್ಲಿ ಅದು ಎರಡು ನಿಮಿಷದ ಸರಳ ಹಾಡಾಗಿ, ಗಿಟಾರ್ ಮತ್ತು ಕಂಠಗಳ ಆಸರೆಯಲ್ಲಿ ಮರಳಿ ಬಂತು.

'ಹೇಲ್ ಟು ದಿ ಥೀಫ್' ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಹಿಂದಿನ ಸುದೀರ್ಘ ಯಾತನೆಗೆ ಪ್ರತಿಕ್ರಿಯೆಯಾಗಿ ಅವರು ಲಾಸ್ ಏಂಜಲೀಸ್‌ಗೆ ಹೋಗಿ ಎರಡು ವಾರಗಳಲ್ಲಿ ಅದರ ಬಹುಪಾಲನ್ನು ಮುದ್ರಿಸಿದರು. ಬಿಡುಗಡೆಗೆ ಹತ್ತು ವಾರ ಮುಂಚೆಯೇ ಅಪೂರ್ಣ ರೂಪವೊಂದು ಸೋರಿಹೋಯಿತು. ಹದಿನಾಲ್ಕು ಹಾಡುಗಳು ಹೆಚ್ಚಾದವೆಂಬುದನ್ನು ತಂಡದವರೇ ಮುಂದೆ ಒಪ್ಪಿದರು. ಯಾರ್ಕ್ ಕೆಲವನ್ನು ಕೈಬಿಟ್ಟು ಬೇರೆ ಕ್ರಮದ ಪಟ್ಟಿಯೊಂದನ್ನೂ ಪ್ರಕಟಿಸಿದರು. 'ದೇರ್ ದೇರ್' ಹಾಡಿನ ಡ್ರಮ್ಸ್‌ಗಾಗಿ ನಾನು ಈ ಆಲ್ಬಮಿಗೆ ಮರಳುತ್ತೇನೆ. ಇಲ್ಲಿಗೆ ಇಎಂಐ ಜೊತೆಗಿನ ಆರು ಆಲ್ಬಮುಗಳ ಒಪ್ಪಂದ ಮುಗಿಯಿತು.

2007ರ 'ಇನ್ ರೇನ್‌ಬೋಸ್' ಎಂದೊಡನೆ ಎಲ್ಲರಿಗೂ ನೆನಪಾಗುವುದು ಅದರ ಬೆಲೆ. ಅಕ್ಟೋಬರ್ 1ರಂದು ಜಾನಿ ಗ್ರೀನ್‌ವುಡ್ ಎರಡು ಸಾಲಿನಲ್ಲಿ ಸುದ್ದಿ ಕೊಟ್ಟರು, 10ರಂದು ಆಲ್ಬಮ್ ತಂಡದ ಸ್ವಂತ ಜಾಲತಾಣದಲ್ಲಿ ಲಭ್ಯವಾಯಿತು, ಕೇಳುಗರು ತಮಗೆ ಸರಿಕಂಡಷ್ಟು ಕೊಡಬಹುದಿತ್ತು, ಏನೂ ಕೊಡದೆಯೂ ಪಡೆಯಬಹುದಿತ್ತು. ಈ ವಿಷಯದ ಬಗ್ಗೆ ಎಷ್ಟು ಚರ್ಚೆಯಾಯಿತೆಂದರೆ ಒಳಗಿನ ಹತ್ತು ಹಾಡುಗಳ ಮಾತು ಹಿಂದೆ ಬಿತ್ತು. ನನಗೆ ಮುಖ್ಯವಾದದ್ದು ಆ ಹಾಡುಗಳು. ವಿಲ್ಟ್‌ಷೈರ್‌ನ ಟಾಟನ್‌ಹ್ಯಾಮ್ ಹೌಸ್ ಎಂಬ ಶಿಥಿಲ ಮಹಲಿನಲ್ಲಿ ಕೆಲವು ವಾರ ಕಳೆದು ಮುದ್ರಿಸಿದ ಈ ಆಲ್ಬಮಿನ ಮೂರನೆಯ ಹಾಡು 'ನ್ಯೂಡ್'. ಇದು 'ಓಕೆ ಕಂಪ್ಯೂಟರ್' ಕಾಲದ್ದು. ಆಗ ಆರ್ಗನ್ ವಾದ್ಯದೊಂದಿಗೆ ಒಂದು ರೂಪ ಮಾಡಿ ನೋಡಿ ಬಿಟ್ಟಿದ್ದರು, 1998ರಲ್ಲಿ ವೇದಿಕೆಯ ಮೇಲೆ ಹಾಡಿದ್ದರು, ಮತ್ತೆ ಬಿಟ್ಟಿದ್ದರು. ಕೊನೆಗೆ ಬಾಗಿಲು ತೆರೆದದ್ದು ಕಾಲಿನ್ ಗ್ರೀನ್‌ವುಡ್ ಹೊಸದಾಗಿ ಕಟ್ಟಿದ ಬೇಸ್‌ನ ನಡೆ. ಆದರೆ ಅದಷ್ಟೇ ಅಲ್ಲ. ಹಿಂದೆ ಆ ಹಾಡು ತೀರಾ ಮೇಲಿನ ಸ್ಥಾಯಿಯದು, ತೀರಾ ಹೆಣ್ತನದ್ದು ಎನಿಸಿ ತನಗೆ ಮುಜುಗರವಾಗುತ್ತಿತ್ತು, ಈಗ ಅದೇ ಕಾರಣಕ್ಕೆ ಅದು ಇಷ್ಟವಾಗುತ್ತದೆ ಎಂಬರ್ಥದ ಮಾತನ್ನು ಯಾರ್ಕ್ ಹೇಳಿದ್ದಾರೆ. ಕಾಯಬೇಕಾಗಿದ್ದದ್ದು ಹಾಡೋ ಹಾಡುಗಾರನೋ? ಹತ್ತು ವರ್ಷಗಳಲ್ಲಿ ಹಾಡಿನ ಸ್ವರಗಳು ಹೆಚ್ಚೇನೂ ಬದಲಾಗಿರಲಿಲ್ಲ, ಅದನ್ನು ಹಾಡುವವನು ತನ್ನ ಕಂಠದ ಬಗ್ಗೆ ನಾಚಿಕೆಪಡುವುದನ್ನು ಬಿಟ್ಟಿದ್ದ. ಆ ಹಾಡು 2008ರಲ್ಲಿ ಅಮೆರಿಕದ ಪಟ್ಟಿಯಲ್ಲಿ 37ನೆಯ ಸ್ಥಾನಕ್ಕೆ ಏರಿತು. 'ಕ್ರೀಪ್' ನಂತರ ಅಲ್ಲಿ ಮೊದಲ ನಲವತ್ತರೊಳಗೆ ಬಂದ ಅವರ ಮೊದಲ ಹಾಡು ಇದೇ.

ಇದೇ ಆಲ್ಬಮಿನ 'ರೆಕನರ್' ಇನ್ನೊಂದು ಬಗೆಯ ಉದಾಹರಣೆ. 2001ರಲ್ಲಿ ಇದೇ ಹೆಸರಿನ ಒರಟಾದ ಗಿಟಾರ್ ಹಾಡೊಂದನ್ನು ಅವರು ನುಡಿಸಿದ್ದರು. ಅದನ್ನು ಮುದ್ರಿಸುವ ಪ್ರಯತ್ನದಲ್ಲಿ ಅದಕ್ಕೊಂದು ಕೊನೆಯ ಭಾಗ ಬರೆದರು, ಆ ಕೊನೆಯ ಭಾಗವೇ ಬೆಳೆಯುತ್ತಾ ಹೋಗಿ ಮೂಲ ಹಾಡನ್ನು ಹೊರದೂಡಿ ಅದರ ಹೆಸರನ್ನೂ ತೆಗೆದುಕೊಂಡಿತು. ಹೊರಬಿದ್ದ ಹಳೆಯ ಹಾಡನ್ನು ಯಾರ್ಕ್ 2009ರಲ್ಲಿ ಬೇರೆ ಹೆಸರಿನಲ್ಲಿ ತಮ್ಮ ಸ್ವಂತ ಧ್ವನಿಮುದ್ರಿಕೆಯಾಗಿ ತಂದರು. ಮನೆಯ ಹಿತ್ತಲಲ್ಲಿ ಬಿದ್ದ ಬೀಜ ಮನೆಯನ್ನೇ ಮರೆಮಾಡುವಷ್ಟು ಬೆಳೆದ ಹಾಗೆ.

2011ರ 'ದಿ ಕಿಂಗ್ ಆಫ್ ಲಿಂಬ್ಸ್' ಎಂಟು ಹಾಡುಗಳ, 37 ನಿಮಿಷದ ಚಿಕ್ಕ ಆಲ್ಬಮ್. ಹೆಸರು ಅದೇ ವಿಲ್ಟ್‌ಷೈರ್‌ನ ಸ್ಯಾವರ್ನೇಕ್ ಕಾಡಿನ ಒಂದು ಪುರಾತನ ಓಕ್ ಮರದ್ದು. ತುಣುಕುಗಳನ್ನು ಕಂಪ್ಯೂಟರ್‌ನಲ್ಲಿ ಸುತ್ತಿಸುತ್ತಾ, ಒಂದರ ಮೇಲೊಂದು ಹೇರುತ್ತಾ ಕಟ್ಟಿದ ಹಾಡುಗಳಿವು. ಇದರ ಬಗ್ಗೆ ನನ್ನ ಆಕ್ಷೇಪವನ್ನು ಮರೆಮಾಚುವುದಿಲ್ಲ: ಇಲ್ಲಿ ಕೆಲವು ಹಾಡುಗಳು ಇನ್ನೂ ಕಾಯಬೇಕಿತ್ತು. ಕ್ಲೈವ್ ಡೀಮರ್ ಎಂಬ ಎರಡನೆಯ ಡ್ರಮ್ಸ್ ವಾದಕರನ್ನು ಸೇರಿಸಿಕೊಂಡು ಅವೇ ಹಾಡುಗಳನ್ನು ನೇರವಾಗಿ ನುಡಿಸಿದ 'ಫ್ರಮ್ ದಿ ಬೇಸ್‌ಮೆಂಟ್' ಧ್ವನಿಮುದ್ರಣವನ್ನು ಕೇಳಿ. ಆಲ್ಬಮಿನಲ್ಲಿ ಬಿಗಿದುಕೊಂಡಿದ್ದ ಲಯ ಅಲ್ಲಿ ಉಸಿರಾಡುತ್ತದೆ.

ಕಾಯುವ ಹಾಡುಗಳಿಗೆ ಬಂದ ಒಂದು ಆಪತ್ತನ್ನೂ ಹೇಳಬೇಕು. 2019ರಲ್ಲಿ, 'ಓಕೆ ಕಂಪ್ಯೂಟರ್' ಕಾಲದ ಯಾರ್ಕ್‌ರ ಮಿನಿಡಿಸ್ಕ್ ಎಂಬ ಪುಟ್ಟ ಧ್ವನಿಮುದ್ರಣ ತಟ್ಟೆಗಳಲ್ಲಿದ್ದ ಕರಡುಗಳನ್ನು ಯಾರೋ ಕದ್ದರು. ಅವನ್ನು ಬಹಿರಂಗಪಡಿಸದಿರಲು 1,50,000 ಡಾಲರ್ ಕೇಳಿದ್ದಾರೆಂಬ ಸುದ್ದಿಯನ್ನು ಜಾನಿಯವರೇ ತಿಳಿಸಿದರು. ತಂಡ ಹಣ ಕೊಡಲಿಲ್ಲ. ಸುಮಾರು 18 ತಾಸಿನ ಆ ಧ್ವನಿಮುದ್ರಣಗಳನ್ನು ತಾವೇ 18 ದಿನಗಳ ಕಾಲ 18 ಪೌಂಡ್‌ಗೆ ಮಾರಿ, ಬಂದ ಹಣವನ್ನು ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಎಂಬ ಪರಿಸರ ಚಳವಳಿಗೆ ಕೊಟ್ಟರು. ಗೌರವದ ಉತ್ತರ ಅದು. ಆದರೂ ಅವನ್ನು ಕೇಳುವಾಗ ನನಗೆ ಅಳುಕಾಗುತ್ತದೆ. ಇನ್ನೂ ಮಾತು ಕೂಡದ ಸಾಲುಗಳು, ಅರ್ಧಕ್ಕೆ ನಿಂತ ರಾಗಗಳು, ಖಾಲಿ ಕೋಣೆಯಲ್ಲಿ ಒಬ್ಬನೇ ಗುನುಗುವ ಧ್ವನಿ ಅಲ್ಲಿವೆ. ಯಾರಿಗೂ ತೋರಿಸಬಾರದೆಂದು ಬರೆದಿಟ್ಟ ಕರಡು ಪುಸ್ತಕವನ್ನು ತೆರೆದು ಓದಿದ ಹಾಗೆ.

ಈಗ ಆರಂಭಿಸಿದಲ್ಲಿಗೆ ಬರುತ್ತೇನೆ. 'ಎ ಮೂನ್ ಶೇಪ್ಡ್ ಪೂಲ್' ಮುಖ್ಯವಾಗಿ ಮುದ್ರಿತವಾದದ್ದು ದಕ್ಷಿಣ ಫ್ರಾನ್ಸಿನ ಲಾ ಫ್ಯಾಬ್ರಿಕ್ ಎಂಬ ಸ್ಟುಡಿಯೋದಲ್ಲಿ. ಮೊದಲ ಹಾಡಾದ 'ಬರ್ನ್ ದಿ ವಿಚ್' ಕೂಡ 'ಕಿಡ್ ಎ' ಕಾಲದಿಂದ ಉಳಿದುಬಂದದ್ದು. ಅದರಲ್ಲಿ ಲಂಡನ್ ಕಂಟೆಂಪರರಿ ಆರ್ಕೆಸ್ಟ್ರಾದವರು ಪಿಟೀಲುಗಳನ್ನು ಕಮಾನಿನಿಂದಲ್ಲದೆ ಗಿಟಾರ್ ಮೀಟುವ ಪಿಕ್‌ನಿಂದ ಮೀಟಿ ಆ ಕಟಕಟ ಲಯವನ್ನು ತಂದರು. ಹನ್ನೊಂದು ಹಾಡುಗಳ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿವೆ. ಹಾಗಾಗಿ 'ಟ್ರೂ ಲವ್ ವೇಟ್ಸ್' ಕೊನೆಗೆ ಬಂದದ್ದು ಮೊದಲಕ್ಷರದ ಕಾರಣಕ್ಕೆ, ಎಲ್ಲಕ್ಕಿಂತ ಹೆಚ್ಚು ಕಾದ ಹಾಡು ಸರದಿಯಲ್ಲಿಯೂ ಕೊನೆಗೆ ನಿಂತಿದೆ.

ಇದಕ್ಕೂ ಮುಂಚೆ ಈ ಹಾಡು ಒಮ್ಮೆ ಅಧಿಕೃತವಾಗಿ ಹೊರಬಂದಿತ್ತು, 2001ರ 'ಐ ಮೈಟ್ ಬಿ ರಾಂಗ್' ಎಂಬ ನೇರ ಧ್ವನಿಮುದ್ರಣಗಳ ಸಂಕಲನದಲ್ಲಿ. ಅಲ್ಲಿ ಯಾರ್ಕ್ ಒಬ್ಬರೇ ಇದ್ದಾರೆ, ಕೈಯಲ್ಲಿ ಗಿಟಾರ್ ಇದೆ, ಎದುರಿಗೆ ಸಭೆ ಇದೆ. ಬಿಟ್ಟುಹೋಗಬೇಡ ಎಂಬ ಬೇಡಿಕೆ ಆ ಹಾಡಿನ ತಿರುಳು. ಯುವಕನೊಬ್ಬ ಕಂಠವನ್ನು ಪೂರ್ತಿ ತೆರೆದು ಬೇಡುತ್ತಾನೆ, ಗಿಟಾರ್ ಅವನನ್ನು ಮುಂದಕ್ಕೆ ತಳ್ಳುತ್ತದೆ, ಬೇಡಿದರೆ ಸಿಗಬಹುದೆಂಬ ನಂಬಿಕೆ ಪ್ರತಿ ಮೀಟಿನಲ್ಲೂ ಇದೆ. 2016ರ ರೂಪದಲ್ಲಿ ಗಿಟಾರ್ ಇಲ್ಲ. ಒಂದು ಪಿಯಾನೊ ನಾಲ್ಕಾರು ಸ್ವರಗಳನ್ನು ಸುತ್ತುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಪಿಯಾನೊ ಬಂದು ಸೇರುತ್ತದೆ, ಮತ್ತೆ ಇನ್ನೊಂದು. ಆದರೆ ಅವು ಒಂದೇ ತಾಳಕ್ಕೆ ಕೂಡುವುದಿಲ್ಲ, ಮಳೆ ನಿಂತ ಮೇಲೆ ಸೂರಿನ ಬೇರೆ ಬೇರೆ ತುದಿಗಳಿಂದ ಹನಿ ಬೀಳುವಂತೆ ತಮ್ಮ ತಮ್ಮ ಹೊತ್ತಿಗೆ ಬೀಳುತ್ತವೆ. ಕಂಠ ಅವುಗಳ ಹತ್ತಿರದಲ್ಲೇ, ತಗ್ಗಿದ ಧ್ವನಿಯಲ್ಲಿ, ಅದೇ ಮಾತುಗಳನ್ನು ಹಾಡುತ್ತದೆ. ಯಾರ್ಕ್‌ರ ಬದುಕಿನಲ್ಲಿ ಆಗ ದೀರ್ಘಕಾಲದ ಸಾಂಗತ್ಯವೊಂದು ಮುಗಿದಿತ್ತು ಎಂಬುದನ್ನು ಹಿಡಿದು ಈ ಹಾಡನ್ನು ವಿವರಿಸುವವರಿದ್ದಾರೆ. ನನಗೆ ಆ ವಿವರಣೆಯ ಅಗತ್ಯ ಕಾಣುವುದಿಲ್ಲ, ಬೇಕಾದದ್ದೆಲ್ಲ ನಾದದಲ್ಲೇ ಇದೆ. ಅದೇ ಸಾಹಿತ್ಯ, ಅದೇ ರಾಗ, ಅದೇ ಬೇಡಿಕೆ. ಬೇಡುತ್ತಿರುವವನಿಗೆ ಮಾತ್ರ ಎದುರಿಗೆ ಯಾರೂ ಇಲ್ಲವೆಂದು ಗೊತ್ತಿದೆ.

ಎರಡೂ ರೂಪಗಳನ್ನು ತಂದಿದ್ದೇನೆ. ಮೊದಲು 2001ರದನ್ನು ಹಾಕುತ್ತೇನೆ, ಅದು ಮುಗಿದ ಮೇಲೆ ಏನೂ ಮಾತನಾಡದೆ ಎರಡನೆಯದನ್ನು ಹಾಕುತ್ತೇನೆ. ಎರಡನೆಯದರ ಆರಂಭದಲ್ಲಿ ಪಿಯಾನೊ ಬಹಳ ಮೆಲ್ಲಗಿದೆ, ದಯವಿಟ್ಟು ಆ ಫ್ಯಾನನ್ನು ಸ್ವಲ್ಪ ನಿಲ್ಲಿಸಿ.